ಟಗ್ಗಿಗೆ ಕೂರಿಸಿದ ಆಲೆಮನೆ ಚಿಮ್ನಿ

ಸಮುದ್ರ ನೋಡಬೇಕೆಂದರೆ ಬೆಳಗಿನಿಂದ ಸಂಜೆವರೆಗೆ ಬಸ್ಸಿನಲ್ಲಿ ಕೂರಬೇಕಾದ ಊರಿನಲ್ಲಿದ್ದುಕೊಂಡು ಟಗ್ಗಿಗೆ ಚಿಮ್ನಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡ ದಿನ ನನ್ನ ತಲೆ ಎಲ್ಲಿತ್ತೋ ನನಗೇ ಗೊತ್ತಿಲ್ಲ. ಟಗ್ಗು ಎಂದರೆ ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು, ತಳ್ಳಿ, ಕಟ್ಟೆಗೆ ತಂದು ನಿಲ್ಲಿಸುವ ಗಿಡ್ಡ ದೋಣಿ. ಮೈಗೆ ಮೀರಿದ ಎಂಜಿನ್ನು ಅದರದ್ದು. ನಮ್ಮ ವರ್ಕ್‌ಶಾಪ್ ಇರುವುದು ಮಂಡ್ಯದ ಗುತ್ತಲಿನಲ್ಲಿ. ಆಲೆಮನೆಗಳ ಕೊಪ್ಪರಿಗೆ, ಚಿಮ್ನಿ, ಮದ್ದೂರಿನ ಅಕ್ಕಿ ಗಿರಣಿಗಳ ಧೂಳು ಹೀರುವ ಪೈಪು, ಸಕ್ಕರೆ ಕಾರ್ಖಾನೆಯವರು ಕರೆದರೆ ಬಾಯ್ಲರಿನ ಹೊಗೆನಾಳದ ದುರಸ್ತಿ, ಇಷ್ಟೇ ನಮ್ಮ ಪ್ರಪಂಚ. ಅಲ್ಲಿ ಡ್ರಾಯಿಂಗ್ ಮಾಡುವವಳೂ ನಾನೇ, ಕೆಲಸ ಮಾಡಿಸುವವಳೂ ನಾನೇ, ಏನಾದರೂ ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ.

ಕೆಲಸ ತಂದವರು ಕರಾವಳಿಯ ಒಂದು ಸಣ್ಣ ದುರಸ್ತಿ ಯಾರ್ಡಿನ ಇಂಜಿನಿಯರು. ಹಿಂದೆ ಸಕ್ಕರೆ ಕಾರ್ಖಾನೆಯಲ್ಲಿದ್ದಾಗ ನಮ್ಮ ಬೆಸುಗೆ ನೋಡಿ ಮೆಚ್ಚಿದ್ದವರು. ಹಳೆಯ ಟಗ್ಗೊಂದಕ್ಕೆ ಎರಡು ಹೊಸ ಎಂಜಿನ್ ಕೂರಿಸುತ್ತಿದ್ದೇವೆ, ಹಳೆಯ ಚಿಮ್ನಿ ಅದಕ್ಕೆ ಸಾಲದು, ಇಲ್ಲಿಯವರಿಗೆ ಯಾರಿಗೂ ಪುರುಸೊತ್ತಿಲ್ಲ, ನೀವೇ ಮಾಡಿ ಎಂದರು. ಎರಡು ಎಂಜಿನ್ನಿಗೆ ಎರಡು ಹೊಗೆಕೊಳವೆ, ಅವೆರಡನ್ನೂ ಸುತ್ತುವ ಉಕ್ಕಿನ ಗೂಡು, ಅದು ಕೂರುವುದು ಚುಕ್ಕಾಣಿ ಕೋಣೆಯ ಬೆನ್ನಿಗೆ. ಎತ್ತರಕ್ಕೆ ಮಿತಿ ಇತ್ತು. ಟಗ್ಗು ಹೋಗಿ ಹಡಗಿನ ಪಕ್ಕೆಗೆ ಒರಗಿದಾಗ ಹಡಗಿನ ಮೈ ಮೇಲ್ಗಡೆ ಹೊರಕ್ಕೆ ಚಾಚಿಕೊಂಡಿರುತ್ತದಂತೆ. ಚಿಮ್ನಿ ಉದ್ದವಾದರೆ ಅದಕ್ಕೆ ಬಡಿಯುತ್ತದೆ. ಹಾಗಾಗಿ ಚುಕ್ಕಾಣಿ ಕೋಣೆಯ ಸೂರಿನಿಂದ ಮೂರಡಿಗಿಂತ ಮೇಲಕ್ಕೆ ಹೋಗಕೂಡದು. ಎಂಜಿನ್ ಕಂಪನಿಯವರದ್ದು ಇನ್ನೊಂದು ಮಿತಿ: ದಾರಿ ಇಕ್ಕಟ್ಟಾಗಿ ಹೊಗೆಯ ಒತ್ತಡ ವಾಪಸು ಎಂಜಿನ್ನಿನ ಮೇಲೆ ಬೀಳಬಾರದು.

ಇಷ್ಟು ವಿಷಯ ಅವರ ಬಾಯಿಂದ ಹೊರಡಿಸುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಡ್ರಾಯಿಂಗ್ ಕಳಿಸಿ ಎಂದರೆ ಮೊಬೈಲಿನಲ್ಲಿ ಮೂರು ಫೋಟೋ ಕಳಿಸಿದರು. ಒಂದು ಮಸುಕು, ಒಂದು ಅಡ್ಡಡ್ಡ, ಮೂರನೆಯದರಲ್ಲಿ ನನಗೆ ಬೇಕಾದ ಅಳತೆಯ ಮೇಲೆಯೇ ಅವರ ಹೆಬ್ಬೆರಳು. ಆ ಬೆರಳಿನ ಕೆಳಗೆ ಎಷ್ಟಿದೆ ಸರ್ ಎಂದು ಕೇಳಿದರೆ, ನೋಡಿ ಅಡ್ಜಸ್ಟ್ ಮಾಡಿ ಎಂದರು. ಉಕ್ಕನ್ನು ನೋಡಿ ಅಡ್ಜಸ್ಟ್ ಮಾಡುವುದಕ್ಕೆ ಅದೇನು ಚಪಾತಿ ಹಿಟ್ಟೇ? ಕೊನೆಗೆ ನಾನೇ ಹೋಗಿ ಟೇಪು ಹಿಡಿದು ಅಳೆದುಕೊಂಡು ಬಂದೆ.

ಇನ್ನು ನಮ್ಮ ಮೇಸ್ತ್ರಿ. ಮಳವಳ್ಳಿ ಕಡೆಯವರು, ಅರವತ್ತು ದಾಟಿದೆ. ಆ ಸುತ್ತಿನಲ್ಲಿ ಹೊಗೆಯಾಡುವ ಆಲೆಮನೆ ಕಂಡರೆ ಅದರ ಚಿಮ್ನಿಗೆ ಇವರ ಕೈ ತಾಗಿದೆ ಎಂದೇ ಲೆಕ್ಕ. ಅವರಿಗೊಂದು ಪದ್ಧತಿ. ಹೊಸ ಚಿಮ್ನಿ ಕೂರಿಸಿದ ದಿನ, ಕೊಪ್ಪರಿಗೆ ಮುಂದೆ ಪಾಕ ನೋಡುವವನು ನಿಲ್ಲುವ ಜಾಗದಲ್ಲಿ ಒಂದು ಬಿಳಿ ಟವೆಲ್ಲನ್ನು ಒದ್ದೆ ಮಾಡಿ ನೇತು ಹಾಕುತ್ತಾರೆ. ಒಲೆಗೆ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಹಾಕಿ ಒಂದು ಕೊಪ್ಪರಿಗೆ ಬೆಲ್ಲ ಇಳಿಸುವವರೆಗೂ ಅದು ಅಲ್ಲೇ ಇರಬೇಕು. ಆಮೇಲೆ ಟವೆಲ್ಲನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಂದೇ ಒಂದು ಕರಿ ಚುಕ್ಕೆ ಕಂಡರೂ ಚಿಮ್ನಿ ಕೆಳಗಿಳಿಯುತ್ತದೆ. ಕಾಣದಿದ್ದರೆ ಅದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೊರಡುತ್ತಾರೆ. ನನ್ನ ಲೆಕ್ಕ, ಕಂಪ್ಯೂಟರು, ಮೀಟರು ಯಾವುದಕ್ಕೂ ಆ ಟವೆಲ್ಲಿನ ಮುಂದೆ ಮರ್ಯಾದೆ ಇಲ್ಲ.

ಮೊದಲನೇ ಜಗಳ ಶುರುವಾದದ್ದು ಕತ್ತಿನ ವಿಷಯಕ್ಕೆ. ಆಲೆಮನೆ ಚಿಮ್ನಿಯ ತುದಿಯಲ್ಲಿ ಮೇಸ್ತ್ರಿ ಒಂದು ಬೆಂಡ್ ಹಾಕಿ ಬಾಯನ್ನು ಪಕ್ಕಕ್ಕೆ ಹೊರಳಿಸುತ್ತಾರೆ. ಅದನ್ನು ಅವರು ಕತ್ತು ಎನ್ನುತ್ತಾರೆ. ಆಷಾಢದ ಗಾಳಿ ಪಡುವಲಿಂದ ಬೀಸುತ್ತದೆ, ಕತ್ತು ಮೂಡಲಿಗೆ ತಿರುಗಿರಬೇಕು. ಟಗ್ಗಿನ ಚಿಮ್ನಿಗೂ ಅದೇ ಆಗಬೇಕೆಂದು ಹಟ ಹಿಡಿದರು.

"ಒಗೆ ಬಾಯಿ ಯಾವತ್ತೂ ಗಾಳಿಗೆ ಬೆನ್ನಾಕಿರಬೇಕು ಕಣವ್ವ. ಎದೆ ಕೊಟ್ರೆ ಗಾಳಿ ಒಗೇನ ವಾಪಸ್ ಒಳೀಕೇ ತುರುಕ್ತದೆ. ದೋಣಿ ಮುಂದಕ್ಕೆ ತಾನೆ ಓಗದು? ಕತ್ತು ಇಂದಕ್ಕೆ ತಿರುಗ್ಸು."

ನಾನು ಯೋಚಿಸಿದೆ. ದೋಣಿ ಮುಂದೆ ಹೋದರೆ ಗಾಳಿ ಎದುರಿನಿಂದ ಬರುತ್ತದೆ, ಹೊಗೆ ಹಿಂದಕ್ಕೆ ಹೋಗುತ್ತದೆ. ಬಾಯಿ ಹಿಂದಕ್ಕೆ ತಿರುಗಿದ್ದರೆ ಮಳೆನೀರೂ ಕೊಳವೆಗೆ ಬೀಳುವುದಿಲ್ಲ. ಸರಿಯಾಗಿಯೇ ಕಂಡಿತು. ಡ್ರಾಯಿಂಗಿನಲ್ಲಿ ಕತ್ತು ಬರೆದೆ, ಮೂಲೆಯಲ್ಲಿ ನನ್ನ ಸಹಿ ಹಾಕಿ ಯಾರ್ಡಿಗೆ ಕಳಿಸಿದೆ. ಒಂದು ಅಳತೆ ಹೇಳಲು ವಾರ ತೆಗೆದುಕೊಂಡಿದ್ದ ಇಂಜಿನಿಯರು ಹತ್ತೇ ನಿಮಿಷದಲ್ಲಿ ಒಪ್ಪಿಗೆ ಎಂದು ಉತ್ತರ ಕಳಿಸಿದರು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.

ಕೆಲಸ ಶುರುವಾಯಿತು. ಹದಿನಾಲ್ಕು ಇಂಚಿನ ಕೊಳವೆ, ಸುತ್ತ ಗಾಜಿನ ಉಣ್ಣೆ, ಅದರ ಮೇಲೆ ತಗಡು, ಹೊರಗೆ ಗೂಡು. ಒಂದು ದಿನ ಮಧ್ಯಾಹ್ನ ನೋಡುತ್ತೇನೆ, ಮೇಸ್ತ್ರಿ ಕೊಳವೆಯನ್ನು ಮೇಲೆ, ಕೆಳಗೆ ಎರಡೂ ಕಡೆ ಗೂಡಿಗೆ ಬಿಗಿಯಾಗಿ ಬೋಲ್ಟ್ ಮಾಡಿ ಕೂರಿಸಿದ್ದಾರೆ. ನಾಲ್ಕು ಮೀಟರಿನ ಕೊಳವೆ ನಾನೂರು ಡಿಗ್ರಿ ಬಿಸಿಗೆ ಹೆಬ್ಬೆರಳಗಲ ಉದ್ದವಾಗುತ್ತದೆ, ಎರಡೂ ಕಡೆ ಕಟ್ಟಿ ಹಾಕಿದರೆ ಗೂಡನ್ನೇ ಸೀಳುತ್ತದೆ, ಕೆಳಗೆ ಕುಗ್ಗಿ ಹಿಗ್ಗುವ ಬೆಲ್ಲೋಸ್ ಇದೆ, ಮೇಲೆ ಜಾರುವ ಬಳೆ ಇರಲಿ ಎಂದು ಮೂರು ಸಲ ಹೇಳಿದ್ದೆ. ಆಲೆಮನೆ ಚಿಮ್ನಿ ಯಾವತ್ತು ಬೆಳೆಯಿತು ಎಂದು ಅವರ ವಾದ. ಬಿಚ್ಚಿಸಿದೆ. ಬಿಚ್ಚಿದ್ದನ್ನು ಮತ್ತೆ ಬೆಸೆಯಬೇಕಾದ ದಿನ ವೆಲ್ಡರು ಮುತ್ತತ್ತಿ ಆಂಜನೇಯನಿಗೆ ಹರಕೆ ಇದೆ ಎಂದು ಹೋದವನು ಹೊಳೆಯಲ್ಲಿ ಈಜಿ, ಉಂಡು, ಮಲಗಿ ಮೂರು ದಿನಕ್ಕೆ ಬಂದ. ಅವನು ಬಂದ ದಿನ ಕರೆಂಟು ಇರಲಿಲ್ಲ.

ಅಂತೂ ಮುಗಿಯಿತು. ಹಳೆಯ ಜನರೇಟರೊಂದರ ಹೊಗೆಯನ್ನು ಕೊಳವೆಗೆ ಜೋಡಿಸಿ, ಚುಕ್ಕಾಣಿ ಕೋಣೆ ಎಲ್ಲಿ ಬರುತ್ತದೋ ಅಲ್ಲಿ ಬಿದಿರು ನೆಟ್ಟು, ಮೇಸ್ತ್ರಿ ಒದ್ದೆ ಟವೆಲ್ ನೇತು ಹಾಕಿದರು. ಗೂಡಿನ ಮುಂಭಾಗವನ್ನು ಅವರೇ ಪಡುವಲಿಗೆ ತಿರುಗಿಸಿ ನಿಲ್ಲಿಸಿದ್ದರು. ಪಡುವ ಗಾಳಿ ಬೀಸಿತು, ಹೊಗೆ ನೇರ ಹಿಂದಕ್ಕೆ ಹೋಗಿ ಪಕ್ಕದ ಟೈರ್ ಅಂಗಡಿಯವನನ್ನು ಎಬ್ಬಿಸಿತು. ಒಂದು ಗಂಟೆಯಾದರೂ ಟವೆಲ್ಲಿಗೆ ಒಂದು ಚುಕ್ಕೆಯೂ ಅಂಟಲಿಲ್ಲ. ಮೇಸ್ತ್ರಿ ಮುಖ ಒರೆಸಿಕೊಂಡು ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ನಾನೂ ಬೀಗಿದೆ, ಸುಳ್ಳು ಹೇಳುವುದಿಲ್ಲ.

ಲಾರಿಯಲ್ಲಿ ಘಟ್ಟ ಇಳಿಸಿ, ಕ್ರೇನಿನಲ್ಲಿ ಎತ್ತಿ ಕೂರಿಸಿ, ನೀರಿನ ಮೇಲೆ ಪರೀಕ್ಷೆ ಮಾಡುವ ದಿನ ಬಂತು. ಮೇಸ್ತ್ರಿ ಕಟ್ಟೆಯ ಮೇಲೆಯೇ ನಿಂತರು. ಹೊಲದ ಬಾವಿ ಬಿಟ್ಟರೆ ನೀರಿನ ಜೊತೆ ಅವರಿಗೆ ಬಳಕೆ ಇಲ್ಲ. ಅಲುಗಾಡುವ ನೆಲದ ಮೇಲೆ ಕಾಲಿಡುವುದಿಲ್ಲ ಎಂದುಬಿಟ್ಟರು. ನಾನು ಚುಕ್ಕಾಣಿ ಕೋಣೆಯಲ್ಲಿ ಕ್ಯಾಪ್ಟನ್ ಪಕ್ಕ ನಿಂತೆ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮುಂದಕ್ಕೆ ಹೋದೆವು, ಹೊಗೆ ಹಿಂದಕ್ಕೆ ಹೋಯಿತು. ಒತ್ತಡ ತೋರಿಸಲು ಕೊಳವೆಗೆ ಜೋಡಿಸಿದ್ದ ಯು ಆಕಾರದ ಗಾಜಿನ ನಳಿಗೆಯಲ್ಲಿ ಕೆಂಪು ನೀರು ಮಿತಿಯೊಳಗೇ ನಿಂತಿತ್ತು. ಇಂಜಿನಿಯರು ಕಟ್ಟೆಯಿಂದ ಹೆಬ್ಬೆರಳು ತೋರಿಸಿದರು. ಫೋಟೋದಲ್ಲಿದ್ದ ಅದೇ ಹೆಬ್ಬೆರಳು.

ಆಮೇಲೆ ಕ್ಯಾಪ್ಟನ್ ಟಗ್ಗನ್ನು ತಿರುಗಿಸಿ, ಲಂಗರು ಹಾಕಿ ನಿಂತಿದ್ದ ಒಂದು ಬಾರ್ಜಿನ, ಅಂದರೆ ಚಪ್ಪಟೆ ತಳದ ಸರಕು ದೋಣಿಯ, ಕಡೆಗೆ ಹಿಂದುಹಿಂದಾಗಿ ಓಡಿಸಿದರು. ಟಗ್ಗಿನ ಕೊಕ್ಕೆ ಇರುವುದು ಹಿಂಬದಿಯಲ್ಲಿ. ಅಲ್ಲಿ ಒಬ್ಬ ಹಗ್ಗದವನು ನಿಂತು ಎದುರು ಕಡೆಯ ಹಗ್ಗ ಹಿಡಿದು ಕೊಕ್ಕೆಗೆ ಹಾಕುತ್ತಾನೆ, ಕೈ ಎತ್ತಿ ಸನ್ನೆ ಮಾಡುತ್ತಾನೆ, ಕ್ಯಾಪ್ಟನ್ ಹಿಂದಿನ ಕಿಟಕಿಯಿಂದ ಅವನನ್ನೇ ನೋಡುತ್ತ ಎಂಜಿನ್ ಆಡಿಸುತ್ತಾರೆ. ಹಿಂದಕ್ಕೆ ಓಡುವಾಗ ಗಾಳಿ ಹಿಂದಿನಿಂದಲೇ ಬರುತ್ತದಲ್ಲ. ನಾವು ಗಾಳಿಗೆ ಬೆನ್ನಾಗಿ ನಿಲ್ಲಿಸಿದ್ದ ಬಾಯಿ ಈಗ ಗಾಳಿಗೆ ಎದೆ ಕೊಟ್ಟು ನಿಂತಿತ್ತು. ಕಕ್ಕಿದ ಹೊಗೆಯೆಲ್ಲ ಮಡಚಿಕೊಂಡು ಬಂದು ಹಿಂದಿನ ಕಿಟಕಿಗೆ ಅಪ್ಪಳಿಸಿ ಒಳಗೆ ನುಗ್ಗಿತು. ಕ್ಯಾಪ್ಟನ್ ಕೆಮ್ಮುತ್ತ ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. ಎಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಹಗ್ಗದವನು ನಿಲ್ಲಿಸಿ ಎಂದು ಕೈ ಎತ್ತಿದ್ದನಂತೆ. ನಮಗೆ ಕಾಣಲಿಲ್ಲ. ಟಗ್ಗು ಬಾರ್ಜಿನ ಪಕ್ಕೆ ದಾಟಿ ಹಿಂದಕ್ಕೆ ಹೋಯಿತು, ಅವನು ಆಗಲೇ ಕೊಕ್ಕೆಗೆ ಹಾಕಿದ್ದ ಹಗ್ಗ ಬಿಗಿಯಿತು, ಅವನನ್ನು ಎತ್ತಿ ಪಕ್ಕದ ಉಕ್ಕಿನ ಗೋಡೆಗೆ ಎಸೆಯಿತು.

ಜೀವಕ್ಕೆ ಏನೂ ಆಗಲಿಲ್ಲ. ಎಡ ಮಣಿಕಟ್ಟು ಊದಿಕೊಂಡಿತು. ದಡಕ್ಕೆ ಬಂದ ಮೇಲೆ ಕ್ಯಾಪ್ಟನ್ ಕಣ್ಣು ತೊಳೆದುಕೊಂಡು ನನ್ನೆದುರು ನಿಂತರು. ಬೈದಿದ್ದರೆ ಹಗುರವಾಗುತ್ತಿತ್ತು.

"ಟಗ್ಗು ಬಸ್ಸಲ್ಲ ಮಾರಾಯ್ರೆ. ನಮ್ಮದು ಅರ್ಧ ಕೆಲಸ ಹಿಂದಕ್ಕೇ ಇರುವುದು. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಂಜಿನಿಯರು ಮೊಬೈಲು ನೋಡುತ್ತ ನಿಂತಿದ್ದರು. ಹಗ್ಗದವನು, ನಲವತ್ತರ ಆಸುಪಾಸಿನವನು, ಮಣಿಕಟ್ಟಿಗೆ ಐಸ್ ಚೀಲ ಒತ್ತಿಕೊಂಡು ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ: "ಅವರಿಗೆ ನಾನು ಕಾಣುವ ಹಾಗೆ ಮಾಡಿ ಕೊಡಿ ಮೇಡಮ್. ಬೇರೆ ಎಂತ ಬೇಡ." ನನಗೆ ನಾಚಿಕೆಯಿಂದ ನೆಲ ನೋಡುವ ಹಾಗಾಯಿತು. ಡ್ರಾಯಿಂಗಿನ ಮೂಲೆಯಲ್ಲಿದ್ದದ್ದು ನನ್ನ ಸಹಿ, ಊದಿಕೊಂಡದ್ದು ಅವನ ಕೈ.

ಊರು ಮುಟ್ಟಿದ ಮೇಲೆ ಮೇಸ್ತ್ರಿ ನೇರ ಮನೆಗೆ ಹೋದರು. ಮಾರನೆಯ ದಿನ ಕೆಲಸಕ್ಕೇ ಬರಲಿಲ್ಲ. ಫೋನು ಮಾಡಿದರೆ ಮಳವಳ್ಳಿ ಹತ್ತಿರ ಒಂದು ಆಲೆಮನೆಗೆ ಚಿಮ್ನಿ ಏರಿಸುತ್ತಿದ್ದಾರೆ ಎಂದು ಅವರ ಮನೆಯವರು ಹೇಳಿದರು. ಮುನಿಸು, ಬೇರೇನಲ್ಲ. ಈ ನಡುವೆ ಇಂಜಿನಿಯರು ಫೋನು ಮಾಡಿ ಪರಿಹಾರ ಸಿಕ್ಕಿದೆ ಎಂದರು. ಏನಪ್ಪಾ ಎಂದರೆ, ಹಿಂಬದಿಗೆ ಒಂದು ಕ್ಯಾಮೆರಾ ಹಾಕಿ ಚುಕ್ಕಾಣಿ ಕೋಣೆಯಲ್ಲಿ ಟಿವಿ ಇಡುತ್ತಾರಂತೆ. ಹೊಗೆಯಲ್ಲಿ ಮನುಷ್ಯನ ಕಣ್ಣಿಗೆ ಕಾಣದ್ದು ಕ್ಯಾಮೆರಾ ಕಣ್ಣಿಗೆ ಹೇಗೆ ಕಾಣುತ್ತದೆ ಸರ್ ಎಂದೆ. ನೋಡಿ ಅಡ್ಜಸ್ಟ್ ಮಾಡೋಣ ಎಂದರು. ಫೋನನ್ನು ಮೇಜಿನ ಮೇಲೆ ಕುಕ್ಕಿ ಸ್ಕೂಟರ್ ತೆಗೆದುಕೊಂಡು ಮಳವಳ್ಳಿಗೆ ಹೊರಟೆ.

ಮೇಸ್ತ್ರಿ ಏಣಿಯ ಮೇಲಿದ್ದರು. ಕತ್ತನ್ನು ಮೂಡಲಿಗೆ ತಿರುಗಿಸುತ್ತಿದ್ದರು. ನನ್ನನ್ನು ಕಂಡೂ ಕಾಣದ ಹಾಗೆ ಸ್ಪ್ಯಾನರ್ ಆಡಿಸಿದರು. ಕೆಳಗಿಳಿದ ಮೇಲೆ ಕಬ್ಬಿನ ಹಾಲು ಕೊಟ್ಟರು. ಕುಡಿದು, ಕೋಪ ನುಂಗಿ, ಒಂದೇ ಪ್ರಶ್ನೆ ಕೇಳಿದೆ: ಮೂಡಲ ಗಾಳಿ ಬೀಸುವ ಕಾಲದಲ್ಲಿ ಈ ಚಿಮ್ನಿ ಏನು ಮಾಡುತ್ತದೆ?

"ಅವಾಗ ಆಲೆಮನೆಯವ್ನು ಏಣಿ ಆಕ್ಕಂಡು ಅತ್ತಿ ಕತ್ತು ತಿರುಗುಸ್ಕತಾನೆ. ವರ್ಸಕ್ಕೆ ಎಲ್ಡು ಸಲ. ಅದ್ಕೇ ಬೋಲ್ಟು ಇಟ್ಟಿವ್ನಿ ಕಣವ್ವ."

"ಟಗ್ಗಿಗೆ ದಿನಕ್ಕೆ ಐವತ್ತು ಸಲ ಗಾಳಿ ತಿರುಗುತ್ತೆ ಮೇಸ್ತ್ರಿ. ಅಲ್ಲಿ ಯಾರು ಹತ್ತುತ್ತಾರೆ?"

ಅವರು ಸ್ಪ್ಯಾನರನ್ನು ಚೀಲಕ್ಕೆ ಹಾಕಿದರು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಗಾಳಿ ಬಂದು ಬಂದು ಚಿಮ್ನೀಗೆ ಒಡೀತದೆ ಅನ್ಕಂಡಿದ್ದೆ. ಚಿಮ್ನೀನೇ ಓಗಿ ಗಾಳೀಗೆ ಒಡೀತದೆ ಅಂತ ಒಳೀನಿಲ್ಲ ಕಣವ್ವ," ಎಂದರು. ಇಷ್ಟು ವರ್ಷ ಅವರ ಚಿಮ್ನಿಗಳು ನಿಂತ ಕಡೆ ನಿಂತಿದ್ದವು; ನನ್ನ ಲೆಕ್ಕದಲ್ಲೂ ಟಗ್ಗು ಮುಂದಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ. ತಪ್ಪನ್ನು ಅವರ ತಲೆಗೆ ಕಟ್ಟುವ ಆಸೆ ನನಗೆ ಆ ತನಕ ಇತ್ತು. ಅಲ್ಲಿಗೆ ಬಿಟ್ಟೆ.

ಇನ್ನೊಂದು ಸಲ ಊಹೆಯ ಮೇಲೆ ಉಕ್ಕು ಕತ್ತರಿಸುವುದಿಲ್ಲ ಎಂದು ನಿರ್ಧರಿಸಿದ್ದೆ. ಚುಕ್ಕಾಣಿ ಕೋಣೆ, ಚಿಮ್ನಿ, ಹಿಂಬದಿ ಎಲ್ಲವನ್ನೂ ನಿಜದ ಅಳತೆಯ ಕಾಲು ಭಾಗಕ್ಕೆ ಪ್ಲೈವುಡ್ಡಿನಲ್ಲಿ ಮಾಡಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂರಿಸಿದೆವು. ಡ್ರಮ್ಮಿನಲ್ಲಿ ಹಸಿ ರಚ್ಚು ಸುಟ್ಟು, ಬ್ಲೋವರಿನಿಂದ ಆ ಹೊಗೆಯನ್ನು ಬೋರ್‌ವೆಲ್ ಪೈಪಿನ ತುಂಡುಗಳಿಗೆ ತಳ್ಳಿದೆವು. ಹಗ್ಗದವನ ಜಾಗಕ್ಕೆ ಹೊಲದಿಂದ ಒಂದು ಬೆರ್ಚಪ್ಪನನ್ನು, ಅದೇ ಬೆದರುಬೊಂಬೆಯನ್ನು, ಕಿತ್ತು ತಂದು, ಕಾಲು ಕುಯ್ದು ಗಿಡ್ಡ ಮಾಡಿ, ಕೊರಳಿಗೆ ಮೇಸ್ತ್ರಿಯ ಒದ್ದೆ ಟವೆಲ್ ಹಾಕಿದೆವು. ಕೊತ್ತತ್ತಿಯ ನಾಲೆ ಏರಿಯ ರಸ್ತೆ ಉದ್ದಕ್ಕೆ ನೇರವಾಗಿದೆ, ಗಾಳಿಗೆ ಅಡ್ಡ ಇಲ್ಲ. ಅಲ್ಲಿಗೆ ಹೋದೆವು.

ಅಲ್ಲಿ ಪಟ್ಟ ಪಾಡು ಯಾರಿಗೆ ಹೇಳಲಿ. ಟ್ರ್ಯಾಕ್ಟರಿನವನಿಗೆ ಮುಂದಕ್ಕೆ ಓಡಿಸುವುದು ಸಲೀಸು. ರಿವರ್ಸ್ ಹಾಕಿದರೆ ಟ್ರೇಲರ್ ತಾನೇ ಒಂದು ದಿಕ್ಕು ಹಿಡಿದು ನಾಲೆಯ ಕಡೆಗೆ ಹೊರಡುತ್ತಿತ್ತು. ಎರಡು ಸಲ ಚಕ್ರ ಅಂಚಿಗೆ ಬಂತು. ನಾನು ಪ್ಲೈವುಡ್ ಕೋಣೆಯೊಳಗೆ ಮುದುಡಿ ಕೂತು ಕಿರುಚಿದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಎಲೆಕ್ಷನ್ ಬಂತಾ, ಯಾವ ಪಾರ್ಟಿಯ ಚಿಹ್ನೆ ಇದು ಎಂದು ಕೇಳಿದರು. ಸೊಳ್ಳೆ ಹೊಡೆಯುವ ಗಾಡಿ ಇರಬೇಕು, ನಮ್ಮ ಬೀದಿಗೂ ಬನ್ನಿ ಎಂದು ಒಬ್ಬ ಹೆಂಗಸು ಕರೆದಳು. ನಾನು ಡಿಪ್ಲೊಮಾ ಓದಿದ್ದು ಇದಕ್ಕಾ ಎಂದು ಅಳು ಬಂತು. ಆಗ ಮೇಸ್ತ್ರಿ, ಗಾಡಿಯನ್ನು ಯಾಕೆ ಹಿಂದಕ್ಕೆ ಓಡಿಸುತ್ತೀರಿ, ದೋಣಿಯನ್ನೇ ಹಿಂದು ಮುಂದಾಗಿ ತಿರುಗಿಸಿ ಇಡಿ ಎಂದರು. ಅರ್ಧ ದಿನ ಹಾಳಾದ ಮೇಲೆ ಇಷ್ಟು ಸುಲಭದ್ದು ನನಗೆ ಹೊಳೆಯದೆ ಹೋದದ್ದಕ್ಕೆ ಇನ್ನಷ್ಟು ರೇಗಿತು.

ತಿರುಗಿಸಿ ಇಟ್ಟು ಓಡಿಸಿದೆವು. ಕತ್ತು ಇದ್ದಾಗ ಬೆರ್ಚಪ್ಪ ಮಾಯವಾದ, ಟವೆಲ್ಲೂ ಮಾಯವಾಯಿತು. ಕತ್ತು ತೆಗೆದು ಬಾಯಿ ಮೇಲಕ್ಕೆ ಮಾಡಿದರೆ ಹೊಗೆ ಮೇಲೇರಿತು, ಆದರೆ ಪೂರ್ತಿ ಅಲ್ಲ. ಮುಂದಕ್ಕೆ ಓಡುವಾಗ ಚುಕ್ಕಾಣಿ ಕೋಣೆಯ ತಲೆ ದಾಟಿದ ಗಾಳಿ ಅದರ ಬೆನ್ನಿಗೆ ಸುಳಿಯಾಗಿ ಬಿದ್ದು ಹೊಗೆಯನ್ನು ಕೆಳಕ್ಕೆ ಎಳೆಯುತ್ತಿತ್ತು. ಬಾಯಿಯನ್ನು ಸ್ವಲ್ಪ ಕಿರಿದು ಮಾಡಿದೆವು. ಹೊಗೆ ಜೋರಾಗಿ ಚಿಮ್ಮಿ ಸುಳಿ ದಾಟಿತು. ಆದರೂ ಬೆರ್ಚಪ್ಪ ಅರ್ಧವೇ ಕಾಣುತ್ತಿದ್ದ, ಯಾಕೆಂದರೆ ಈಗ ಅಡ್ಡ ನಿಂತಿದ್ದದ್ದು ಹೊಗೆಯಲ್ಲ, ನಾವು ಮಾಡಿದ ಅಗಲದ ಗೂಡು. ಕಿಟಕಿಯ ನಟ್ಟ ನಡುವೆ ಬೀರು ನಿಲ್ಲಿಸಿದ ಹಾಗೆ ಅದನ್ನು ನಿಲ್ಲಿಸಿದ್ದೆವು. ಇದ್ದ ಗೂಡಿಗೆ ತೇಪೆ ಹಾಕಿ ಪ್ರಯೋಜನವಿಲ್ಲ ಎಂದು ಆ ಏರಿಯ ಮೇಲೆ ಗೊತ್ತಾಯಿತು. ಗೂಡನ್ನು ಸೀಳಿ ಎರಡು ಸಪೂರ ಚಿಮ್ನಿ ಮಾಡಬೇಕು, ಎಡಕ್ಕೊಂದು ಬಲಕ್ಕೊಂದು, ನಡುವೆ ಖಾಲಿ ಬಿಡಬೇಕು.

ಇಂಜಿನಿಯರಿಗೆ ಹೇಳಿದಾಗ ಆಗುವುದೇ ಇಲ್ಲ ಎಂದರು. ಒಪ್ಪಿಗೆ ಹೊಸದಾಗಿ ತೆಗೆದುಕೊಳ್ಳಬೇಕು, ಡೆಕ್ಕಿನಲ್ಲಿ ಹೊಸ ತೂತು ಕೊರೆಯಬೇಕು, ಟಗ್ಗು ಇನ್ನೂ ಒಂದು ತಿಂಗಳು ನಿಲ್ಲುತ್ತದೆ, ಕತ್ತನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕ್ಯಾಮೆರಾ ಹಾಕಿದರೆ ಸಾಕು. ಆ ಹೊತ್ತಿಗೆ ನನ್ನ ತಾಳ್ಮೆ ತಳ ಕಂಡಿತ್ತು.

"ಕತ್ತು ಇಟ್ಟುಕೊಂಡು ನಾನು ಸಹಿ ಹಾಕುವುದಿಲ್ಲ ಸರ್. ಬೇರೆಯವರ ಹತ್ತಿರ ಮಾಡಿಸುವುದಾದರೆ ಮಾಡಿಸಿ. ಆದರೆ ಮೊದಲು ನೀವು ಆ ಕೊಕ್ಕೆಯ ಪಕ್ಕ ನಿಂತು, ಕ್ಯಾಪ್ಟನ್‌ಗೆ ಹಿಂದಕ್ಕೆ ಓಡಿಸಲು ಹೇಳಿ."

ಅವರು ಫೋನು ಇಟ್ಟರು. ಎರಡು ದಿನ ಬಿಟ್ಟು ಒಪ್ಪಿಗೆ ಬಂತು. ಕ್ಯಾಪ್ಟನ್ ಕೂಡ ಕತ್ತಿನ ಚಿಮ್ನಿ ಇರುವ ಟಗ್ಗನ್ನು ಮುಟ್ಟುವುದಿಲ್ಲ ಎಂದು ಹೇಳಿದ್ದರೆಂದು ಆಮೇಲೆ ತಿಳಿಯಿತು.

ಎರಡನೇ ಸಲದ ಕೆಲಸದಲ್ಲಿ ಮೇಸ್ತ್ರಿ ಜಗಳ ಮಾಡಲಿಲ್ಲ, ಅದು ನನಗೆ ಇನ್ನಷ್ಟು ಕಿರಿಕಿರಿ. ತಮ್ಮ ಕೈಯಾರೆ ಮಾಡಿದ ಎರಡು ಕತ್ತನ್ನೂ ತಾವೇ ಗ್ಯಾಸ್ ಕಟ್ಟರಿನಿಂದ ಕುಯ್ದು ಮೂಲೆಗೆ ಹಾಕಿದರು. ಕೊಳವೆಯ ಕೊನೆಯ ಒಂದಡಿಯನ್ನು ಹದಿನಾಲ್ಕರಿಂದ ಹನ್ನೆರಡು ಇಂಚಿಗೆ ಇಳಿಸಿದೆವು. ಹೊಗೆಯ ವೇಗ ಮೂರರಲ್ಲೊಂದು ಪಾಲು ಏರುತ್ತದೆ, ಒತ್ತಡ ಮಿತಿಯ ಅಂಚಿಗೆ ಬರುತ್ತದೆ, ದಾಟುವುದಿಲ್ಲ. ಇನ್ನು ಮೇಲ್ಮುಖದ ಬಾಯಿಗೆ ಮಳೆ. ಟ್ರ್ಯಾಕ್ಟರಿನ ಸೈಲೆನ್ಸರಿಗೆ ಇರುವಂಥ, ಹೊಗೆ ಬಂದಾಗ ತಾನೇ ತೆರೆಯುವ ಮುಚ್ಚಳ ಹಾಕೋಣವೆಂದು ಮೇಸ್ತ್ರಿ ಹೇಳಿದರು. ಕ್ಯಾಪ್ಟನ್‌ಗೆ ಫೋನು ಮಾಡಿ ಕೇಳಿದೆ. ಈ ಸಲ ಕೇಳಿದೆ. ಉಪ್ಪು ಗಾಳಿಗೆ ಅದರ ಕೀಲು ತಿಂಗಳಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ ಎಂದರು. ಮುಚ್ಚಳ ಬಿಟ್ಟು, ಕೊಳವೆಯ ಬುಡದಲ್ಲಿ ಒಂದು ತೊಟ್ಟಿ, ಅದರಿಂದ ನೀರು ಹೊರಗೆ ಹೋಗಲು ಸಣ್ಣ ನಳಿಗೆ ಮಾಡಿದೆವು. ಮೇಲ್ಗಡೆ ಜಾರುವ ಬಳೆಯನ್ನು, ನಾನು ಹೇಳುವ ಮುಂಚೆಯೇ, ಮೇಸ್ತ್ರಿ ಕೂರಿಸಿದ್ದರು.

ಎರಡನೇ ಪರೀಕ್ಷೆಯ ದಿನ ಬಂದರಿನಲ್ಲಿ ಗಾಳಿ ಹುಚ್ಚೆದ್ದಿತ್ತು. ಅದೇ ಬಾರ್ಜು, ಅದೇ ಕ್ಯಾಪ್ಟನ್, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡ ಅದೇ ಹಗ್ಗದವನು. ನಾನು ಟಗ್ಗು ಹತ್ತಿ ತಿರುಗಿ ನೋಡಿದರೆ ಮೇಸ್ತ್ರಿ ಹಲಗೆಯ ಮೇಲೆ ನಾಲ್ಕು ಕಾಲಿನಲ್ಲಿ ಬರುತ್ತಿದ್ದರು. ಹೆಗಲ ಮೇಲೆ ಒದ್ದೆ ಟವೆಲ್. ನಿಮಗೆ ಆಗುವುದಿಲ್ಲ, ಇಳಿಯಿರಿ ಎಂದೆ. ಕೇಳಲಿಲ್ಲ.

"ಪಾಕ ನೋಡವ್ನು ನಿಂತ್ಕಳೋ ತಾವ್ ತಾನೆ ಟವೆಲ್ ಕಟ್ಟೋದು? ಓದ್ಸಲ ತಪ್ಪು ಜಾಗದಲ್ಲಿ ಕಟ್ದೆ. ಅಗ್ಗದವ್ನ ತಾವ್ ಕಟ್ಬೇಕಿತ್ತು. ಬುಡು, ಓಯ್ತೀನಿ."

ಕ್ಯಾಪ್ಟನ್ ಒಪ್ಪಿದರು. ಹಗ್ಗಕ್ಕೆ ಭಾರ ಹಾಕುವ ಮುಂಚಿನ ಓಟವಾದ್ದರಿಂದ ಹೆದರಿಕೆ ಇರಲಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಕೊಕ್ಕೆಯಿಂದ ಆಚೆ ನಿಲ್ಲಿಸಿದರು. ಹಗ್ಗದವನು ಪಟ್ಟಿ ಸುತ್ತಿದ ಕೈಯಿಂದ ಅವರ ಜಾಕೆಟ್ಟಿನ ಬೆನ್ನು ಹಿಡಿದುಕೊಂಡ.

ಮುಂದಕ್ಕೆ ಓಡಿದೆವು. ಹೊಗೆ ಎರಡು ಕಂಬವಾಗಿ ಮೇಲೆದ್ದು ಹಿಂದೆ ದೂರಕ್ಕೆ ಹೋಯಿತು. ಕೆಂಪು ನೀರು ಗೆರೆಯ ಅಂಚಿಗೆ ಬಂದು ನಿಂತಿತು. ಕ್ಯಾಪ್ಟನ್ ತಿರುಗಿಸಿದರು. ಹಿಂದಕ್ಕೆ. ನಾನು ಕಿಟಕಿಯ ಸರಳನ್ನು ಹಿಡಿದ ಕೈಗೆ ಆಮೇಲೆ ಎಣ್ಣೆ ಹಚ್ಚಬೇಕಾಯಿತು, ಅಷ್ಟು ಬಿಗಿಯಾಗಿ ಹಿಡಿದಿದ್ದೆ. ಗಾಳಿ ಹಿಂದಿನಿಂದ ಹೊಡೆಯಿತು. ಹೊಗೆ ಬಾಗಿತು, ನಮ್ಮ ತಲೆಯ ಮೇಲೆ ಬಂತು, ಸೂರಿನ ಮೇಲಿನಿಂದಲೇ ದಾಟಿ ಮುಂದೆ ಹೋಯಿತು. ಕಿಟಕಿ ತಿಳಿಯಾಗಿತ್ತು. ಎರಡು ಚಿಮ್ನಿಗಳ ನಡುವೆ ಹಗ್ಗದವನು ಬಲಗೈ ಎತ್ತಿದ, ನಿಲ್ಲಿಸಿ ಎಂದು. ಕೈ ಪೂರ್ತಿ ಮೇಲೇಳುವ ಮೊದಲೇ ಕ್ಯಾಪ್ಟನ್ ಎಂಜಿನ್ನಿನ ವೇಗ ಇಳಿಸಿದ್ದರು. ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಲಿಲ್ಲ, ಕೂಗಲಿಲ್ಲ.

ನಾನು ಏನೋ ಕೇಳಬೇಕೆಂದು ಬಾಯಿ ತೆರೆದೆ. ಸರಿ ಇದೆಯಾ ಎಂದೋ, ಸಾಕಾ ಎಂದೋ. ಕ್ಯಾಪ್ಟನ್ ಹಿಂದಿನ ಕಿಟಕಿಯಿಂದ ಕಣ್ಣು ತೆಗೆಯದೆ ನಕ್ಕರು.

"ನಿಮ್ಮ ಮೇಸ್ತ್ರಿ ಕಣ್ಣು ಗಟ್ಟಿ ಮುಚ್ಚಿಕೊಂಡು ಏನೋ ಜಪ ಮಾಡ್ತಿದ್ದಾರೆ ಮಾರಾಯ್ರೆ. ತುಟಿ ಆಡುವುದು ಕೂಡ ಇಲ್ಲಿಗೆ ಕಾಣ್ತದೆ."